ಮಾವ ಒಪ್ಪಿದ ಏರಿಯಾ

ಬಾಡಿಗೆ ಮನೆ ಹುಡುಕಲು ಹೊರಟವನಿಗೆ ಮನೆ ಸಿಗುತ್ತದೋ ಇಲ್ಲವೋ, ಪ್ರಸಂಗಗಳಿಗಂತೂ ಬರವಿಲ್ಲ. ಬೇಡವೆಂದರೂ ಒಂದರ ಹಿಂದೊಂದು ಬಂದು ಬೀಳುತ್ತವೆ.

ನಾನು ಹನೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಹೆಂಡತಿಗೆ ಯಳಂದೂರಿನ ಕಚೇರಿಯೊಂದರಲ್ಲಿ ಕೆಲಸ. ಎರಡಕ್ಕೂ ನಡುವೆ ಕೊಳ್ಳೇಗಾಲ, ಕೊಳ್ಳೇಗಾಲದ ಮಗ್ಗದ ಕೇರಿಯಲ್ಲಿ ಅವಳ ತೌರುಮನೆ. ನಾನು ವರ್ಗವಾಗಿ ಬಂದಾಗ ಅತ್ತೆಯವರು, "ಮನೆ ಸಿಕ್ಕೋಗಂಟ ಇಲ್ಲೇ ಇರಿ ಅಳಿಯಂದ್ರೇ" ಅಂದರು. ಇದ್ದೆವು. ಅತ್ತೆಯ ಕೈ ಅಡುಗೆ ಎಂಥದೆಂದರೆ, ಮನೆ ಹುಡುಕುವ ಉತ್ಸಾಹ ಪ್ರತಿ ಊಟಕ್ಕೂ ಒಂದಿಷ್ಟು ಇಳಿಯುತ್ತಾ ಹೋಯಿತು. ಕೊನೆಗೆ ಒಂದು ಭಾನುವಾರ ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಅಂಗಡಿಯವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಬಹಳ ವಿನಯದಿಂದ ಕೇಳಿದ: "ಮನೆ ಅಳಿಯ ಆಗ್ಬುಟ್ರಂತಲ್ಲ ಸಾ, ಮೀಸೆ ಒಸಿ ಇಳುಸ್ಲಾ?"

ಅವತ್ತೇ ತೀರ್ಮಾನಿಸಿದೆ. ಆಷಾಢ ಹುಟ್ಟಿತೆಂದರೆ ಹೊಸ ಮನೆಯಲ್ಲಿ ಹಾಲುಕ್ಕಿಸುವಂತಿಲ್ಲ. ಅಷ್ಟರೊಳಗೆ ಮಾವನ ಮನೆ ಬಿಡಬೇಕು, ಇಲ್ಲವಾದರೆ ಮೀಸೆಯ ಆಸೆ ಬಿಡಬೇಕು.

ಹನೂರಿನ ಜಗುಲಿ

ಮನೆ ನೋಡಲು ಹೊರಟಾಗ ಮಾವನವರೂ ಚಪ್ಪಲಿ ಮೆಟ್ಟಿದರು. ಅವರು ನೇಕಾರರು. ಮಂಡಿ ನೋವೆಂದು ಮಗ್ಗ ಬಿಟ್ಟ ಮೇಲೆ ದಿನವಿಡೀ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದವರು. "ಮನೆ ನೋಡದಲ್ಲ ಅಳಿಯಂದ್ರೇ, ಏರಿಯಾ ನೋಡ್ಬೇಕು. ಗ್ವಾಡೆಗೆ ಬಣ್ಣ ಬಳೀಬೋದು, ಏರಿಯಾಕ್ಕೆ ಬಳಿಯಾಕಾದದ?" ಎಂದು ಸ್ಕೂಟರಿನ ಹಿಂದೆ ಹತ್ತಿದರು.

ಹನೂರಿನಲ್ಲಿ, ಬೆಟ್ಟದ ರಸ್ತೆಗೇ ಮುಖ ಮಾಡಿದ ಮನೆ. ದೊಡ್ಡ ಜಗುಲಿ, ಒಳ್ಳೆಯ ಗಾಳಿ, ನನ್ನ ಶಾಲೆಗೆ ನಡೆದೇ ಹೋಗಬಹುದು. ನಾನು ಮನಸ್ಸಿನಲ್ಲೇ ಕುರ್ಚಿ ಹಾಕಿ ಕೂತಾಗಿತ್ತು. ಓನರಮ್ಮ ಒಂದೇ ಒಂದು ಕರಾರು ಹೇಳಿದರು.

"ಅಮಾಸೆಗೆ ಮಾದಪ್ಪನ ಬೆಟ್ಟಕ್ಕೆ ಜನ ನಡ್ಕಂಡ್ ಓಯ್ತರೆ. ಇಲ್ಲೇ ಜಗುಲಿ ಮ್ಯಾಲೆ ಮನಿಕ್ಕತರೆ. ಎಬ್ಬುಸ್ಬಾರ್ದು."

"ಆಗಲಿ, ಪುಣ್ಯದ ಕೆಲಸ. ಎಷ್ಟು ಜನ ಬರ್ತಾರೆ?"

"ಅದ್ಯಾರ್ ಎಣುಸ್ತರೆ? ಜಗುಲಿ ತುಂಬುದ್ರೆ ನಡುಮನೆ. ನಡುಮನೆ ತುಂಬುದ್ರೆ ಅಡುಗೆಮನೆ."

"ಆಗ ನಾವು ಎಲ್ಲಿ ಮಲಗೋದು ತಾಯಿ?"

ಓನರಮ್ಮ ನನ್ನನ್ನು ಕನಿಕರದಿಂದ ನೋಡಿದರು. "ನೀವ್ಯಾಕೆ ಮನಿಕ್ಕಬೇಕು? ನೀವೂ ಅವರ ಸಂಗ್ಡ ಬೆಟ್ಟಕ್ಕೆ ನಡೀರಿ!"

ಯಳಂದೂರಿನ ಸಸ್ಯಾಹಾರ

ಯಳಂದೂರಿನ ಮನೆ ಹೆಂಡತಿಯ ಆಯ್ಕೆ. ಕಚೇರಿ ಹತ್ತಿರ, ಬೀದಿ ಶಾಂತ, ಬಾಗಿಲಲ್ಲಿ ರಂಗೋಲಿ. ಇಂಥ ಕಡೆ ಮೊದಲು ಕೇಳುವ ಪ್ರಶ್ನೆ ಯಾವುದೆಂದು ಬಾಡಿಗೆದಾರರಿಗೆಲ್ಲ ಗೊತ್ತು. ಅದಕ್ಕೇ ಕೇಳುವ ಮೊದಲೇ ಹೇಳಿಬಿಡೋಣವೆಂದು ನಾನು ಬಾಯಿ ಹಾಕಿದೆ: "ನಾವು ಶುದ್ಧ ಸಸ್ಯಾಹಾರಿಗಳು. ಮೊಟ್ಟೆ ಕೂಡ ಮುಟ್ಟಲ್ಲ."

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ಓನರಮ್ಮನ ಮುಖ ಅರಳುತ್ತದೆಂದು ನಾನು ಕಾಯುತ್ತಿದ್ದರೆ, ಅದು ಬಾಡಿತು. "ಅಯ್ಯೋ, ಅಂಗಾರೆ ಬ್ಯಾಡ ಬುಡಿ. ನಮ್ಮನೇಲಿ ಕೋಳಿ ಬೇಯ್ದೆ ವಾರ ಕಳೆಯಾಕಿಲ್ಲ. ನಿಮ್ಮಂತೋರು ಬಂದು ವಾಸ್ನೆ ಅಂತ ಮೂಗು ಮುಚ್ಚಿಕತೀರಿ. ನಾವ್ ತಿನ್ನೋರ್ಗೇ ಕೊಡದು."

ಆಗಲೇ ಒಳಗಿನಿಂದ ಮಸಾಲೆ ಹುರಿದ ಘಮಲು ಬಂತು. ನನ್ನ ಬಾಯಲ್ಲಿ ನೀರೂರಿತು. ಮಾವನವರಿಗೆ ತಡೆಯಲಾಗಲಿಲ್ಲ. ನನ್ನನ್ನು ಕಾಪಾಡಲೆಂದೇ ಮುಂದೆ ಬಂದರು.

"ಇಲ್ಲಾ ಕಣವ್ವ, ಸುಳ್ಳೇಳ್ತಾವ್ರೆ! ಮೊನ್ನೆ ಹಬ್ಬದಲ್ಲಿ ನಾಟಿ ಕೋಳಿ ಎರಡು ತೊಡೇನೂ ಇವರೇ ತಿಂದವ್ರೆ. ನಮಗೆ ಸಿಕ್ಕಿದ್ದು ಕುತ್ತಿಗೆ!"

ಓನರಮ್ಮ ಬಾಗಿಲು ಎಳೆದುಕೊಳ್ಳುತ್ತಾ ಅಂದರು: "ಸೊಪ್ಪು ತಿನ್ನೋರ್ಗಾದ್ರೂ ಕೊಟ್ಟೇನು. ಸುಳ್ಳೇಳೋರ್ಗೆ ಕೊಡಾಕಿಲ್ಲ."

ಮಗ್ಗದ ಬೀದಿ

ಇನ್ನು ಕೊಳ್ಳೇಗಾಲವೇ ಗತಿ ಎಂದಾಯಿತು. ಮಾವನವರ ಗೆಳೆಯರೊಬ್ಬರ ಹಳೆಯ ಮನೆ ಖಾಲಿ ಇತ್ತು. ಶಾಲೆಗೆ ಹೋಗುವ ದಾರಿಯಲ್ಲೇ ನೋಡಿಬಿಡೋಣವೆಂದು ಬೆಳಿಗ್ಗೆಯೇ ಹೋದೆವು. ಒಳಗೆ ಕಾಲಿಟ್ಟರೆ ನಡುಮನೆಯ ಮಧ್ಯೆ ದೊಡ್ಡದೊಂದು ಗುಂಡಿ.

"ಕುಣಿ ಮಗ್ಗದ ಗುಂಡಿ ಸಾ" ಎಂದರು ಓನರು. "ಮಗ್ಗ ಬಿಚ್ಬುಟ್ಟಿವ್ನಿ. ಗುಂಡಿ ಮುಚ್ಚಾಕೆ ಮನ್ಸು ಬರ್ನಿಲ್ಲ, ನಮ್ಮಪ್ಪ ಕಾಲ್ ಇಳುಸಿದ್ ಜಾಗ."

"ನಾವೇನು ಮಾಡೋಣ ಇದರಲ್ಲಿ?"

"ನೀವೂ ಕಾಲ್ ಇಳ್ಸಿ ಕುಂತ್ಕಳಿ. ಊಟಕ್ಕೆ ಟೇಬ್ಲೂ ಬ್ಯಾಡ, ಕುರ್ಚೀನೂ ಬ್ಯಾಡ."

ಉಪಾಯವಾಗಿ ನುಣುಚಿಕೊಂಡು ಹೊರಗೆ ಬಂದರೆ ಬೀದಿಯೇ ಕಾಣಲಿಲ್ಲ. ನಾವು ಒಳಗಿದ್ದ ಹೊತ್ತಿನಲ್ಲಿ ಪಕ್ಕದ ಮನೆಯವರು ರೇಷ್ಮೆಯ ಹಾಸು ಹಾಕಿದ್ದರು. ಸೀರೆಯ ಉದ್ದೆಳೆಗಳನ್ನೆಲ್ಲ ಬೀದಿಯುದ್ದಕ್ಕೂ ಬಿಗಿದು, ಅಡ್ಡಕ್ಕೆ ಕೋಲು ಕೊಟ್ಟು, ಎಳೆ ಬಿಡಿಸುತ್ತಿದ್ದರು. ನನ್ನ ಸ್ಕೂಟರ್ ಆಚೆ ದಡದಲ್ಲಿತ್ತು. ಬಗ್ಗಿ ದಾಟಲು ಹೋದೆ. "ಮುಟ್ಟೀರಾ!" ಎಂದು ಇಡೀ ಬೀದಿ ಕೂಗಿತು. ಮಾವನವರಂತೂ ಮಂಡಿ ನೋವು ಮರೆತು ಆಗಲೇ ಎಳೆಗಳ ನಡುವೆ ಕೈಯಾಡಿಸುತ್ತಿದ್ದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ಕೈಗೂ ಒಂದು ಕೋಲು ಕೊಟ್ಟು, "ಅಲ್ಲಾಡುಸ್ಬ್ಯಾಡಿ" ಎಂದರು.

ಶಾಲೆಯ ಬೆಲ್ಲು ಹೊಡೆದಿರಬೇಕು. ಹೆಡ್ಮಾಸ್ಟರ ಫೋನು ಬಂತು. ಕಿವಿ ಮತ್ತು ಭುಜದ ಮಧ್ಯೆ ಸಿಕ್ಕಿಸಿಕೊಂಡು, "ಸಾರ್, ಮಾವನವರ ಜೊತೆ ಬೀದೀಲಿ ಕೋಲು ಹಿಡ್ಕೊಂಡು ನಿಂತಿದೀನಿ, ಬಿಡೋ ಹಾಗಿಲ್ಲ" ಎಂದೆ.

ಆ ಕಡೆಯಿಂದ ಹೆಡ್ಮಾಸ್ಟರು ಮೆಲ್ಲಗೆ ಅಂದರು: "ಜಗಳ ಬೇಡ ಮೇಷ್ಟ್ರೇ. ಮನೆ ಅಳಿಯನಾಗಿ ಇರೋರು ಕೋಲು ಎತ್ತಬಾರದು."

ಬಡಾವಣೆಯ ಮಹಡಿ

ಆಷಾಢ ಇನ್ನೇನು ಬಂದೇಬಿಟ್ಟಿತು ಅನ್ನುವಾಗ ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಸಿಕ್ಕಿತು. ಕೆಳಗೆ ಓನರು, ಮೇಲೆ ನಮಗೆ. ಯಾತ್ರಿಕರಿಲ್ಲ, ಗುಂಡಿಯಿಲ್ಲ, ಹಾಸಿಲ್ಲ. ಮುಖ್ಯವಾಗಿ, ಮಾವನ ಮನೆಗೆ ದೂರ.

ಮಾವನವರು ಅವತ್ತು ಓನರನ್ನು ವಿಚಾರಿಸಿದ ರೀತಿ ನೋಡಿ ನನ್ನ ಕಣ್ಣು ಒದ್ದೆಯಾಯಿತು. ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ, ಬಚ್ಚಲಿನ ಹೊಸ್ತಿಲು ಎಷ್ಟೆತ್ತರ, ಹಾಲಿನವನು ಬಾಗಿಲಿಗೇ ಬರುತ್ತಾನೋ. ಮಗಳೆಂದರೆ ಎಷ್ಟು ಪ್ರೀತಿ! ಒಂದೇ ವಿಚಿತ್ರ, ಅವರು ವಿಚಾರಿಸಿದ್ದೆಲ್ಲ ಕೆಳಗಿನ ಮನೆಯನ್ನು. ವಯಸ್ಸಾದವರು, ಮೆಟ್ಟಿಲು ಹತ್ತಲಾರರು ಎಂದುಕೊಂಡೆ. ಓನರಿಗೂ ಮಾವನವರಿಗೂ ಮಾತು ಬೆಳೆಯಿತು. ಪಾಪ, ಓನರಿಗೆ ಒಂದೇ ಕೊರಗು: "ಬೀದೀಲಿ ಮಾತಾಡ್ಸಕ್ಕೆ ಒಂದ್ ನರಪಿಳ್ಳೆ ಇಲ್ಲ ಕಣ್ರಿ. ಈ ನಿಶ್ಶಬ್ದಕ್ಕೆ ಕಿವಿ ನೋಯ್ತದೆ." ಮಾವನವರು ಅವರ ಭುಜ ತಟ್ಟಿ ಸಮಾಧಾನ ಮಾಡಿದರು.

ಒಳ್ಳೆಯ ದಿನ ನೋಡಿ ಹಾಲುಕ್ಕಿಸಿದೆವು. ಮರುದಿನ ಹೊಸ ಮನೆಯಿಂದ ಶಾಲೆಗೆ ಹೊರಟಾಗ ಎಷ್ಟು ಹಗುರವಾಗಿದ್ದೆನೆಂದರೆ, ದಾರಿಯಲ್ಲಿ ಕ್ಷೌರದಂಗಡಿಯ ಮುಂದೆ ಬೇಕೆಂದೇ ನಿಲ್ಲಿಸಿ ಮೀಸೆ ತಿರುವಿದೆ.

ಸಂಜೆ ವಾಪಸು ಬಂದರೆ ಗೇಟಿನ ಮುಂದೆ ಲಗೇಜ್ ಆಟೋ. ಅದರಿಂದ ಇಳಿಯುತ್ತಿದ್ದ ಒರಳುಕಲ್ಲನ್ನು ಎಲ್ಲೋ ನೋಡಿದ ಹಾಗಿತ್ತು. ಕೆಳಗಿನ ಮನೆಯ ಬಾಗಿಲಲ್ಲಿ ಅತ್ತೆಯವರು ನಿಂತು, "ನಿಧಾನಕ್ಕೆ ಇಳ್ಸಿ" ಅನ್ನುತ್ತಿದ್ದರು.

"ಓನರೆಲ್ಲಿ?" ಎಂದೆ.

"ನಮ್ಮನೇಲವ್ರೆ" ಎಂದು ಮಾವನವರು ಒಳಗಿನಿಂದ ಬಂದರು. "ಅವರ್ಗೆ ಜನ ಬೇಕು, ಮಗ್ಗದ ಸದ್ದು ಬೇಕು. ನಂಗೆ ಆ ಸದ್ದು ಕೇಳುದ್ರೆ ಕೈ ತಡಿಯಾಕಿಲ್ಲ, ಮಂಡಿ ಬುಡಾಕಿಲ್ಲ. ಅದ್ಕೇ ಮನೆ ಅದ್ಲು ಬದ್ಲು ಮಾಡ್ಕಂಡ್ವಿ. ಇಷ್ಟ್ ಏರಿಯಾ ಸುತ್ತಿ ಇದ್ನ ಆರ್ಸುದ್ದು ನಾನು, ಬುಡಾಕಾದದ?"

ಹೆಂಡತಿ ಮಹಡಿಯ ಮೇಲೆ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತೆಂದು ಆಗ ತಿಳಿಯಿತು. ಹೋಗಲಿ, ಊಟವಾದರೂ ಹತ್ತಿರವಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡು, "ಅತ್ತೆ, ಇವತ್ತು ಏನು ಸಾರು?" ಎಂದು ಅಡುಗೆಮನೆಯ ಕಡೆ ಹೆಜ್ಜೆಯಿಟ್ಟೆ.

ಮಾವನವರು ಬಾಗಿಲಿಗೆ ಅಡ್ಡ ಕೈಯಿಟ್ಟರು. ಸೊಂಟದಲ್ಲಿ ಓನರ ಬೀಗದ ಕೈಗೊಂಚಲು ಆಗಲೇ ನೇತಾಡುತ್ತಿತ್ತು.

"ಮನೆ ಅಳಿಯ ಆಗಿದ್ದಾಗ ಬ್ಯಾರೆ ಮಾತು. ಓನರು ಎಲ್ಲಾ ಜವಾಬ್ದಾರಿ ನನ್ ಕೈಗೆ ಕೊಟ್ಟವ್ರೆ. ಬಾಡಿಗೆಯೋರು ಸೀದಾ ಅಡುಗೆಮನೆಗೆ ನುಗ್ಗೋದ್ನ ಈ ಏರಿಯಾದಲ್ಲಿ ಯಾರೂ ಒಪ್ಪಾಕಿಲ್ಲ ಸಾ."