ತುಂಬೆ ಹೂವೂ ಕಲ್ಮೇಶನ ಗಲ್ಲಗಳೂ

ಅನರ್ಥಕ್ಕೆಲ್ಲ ಮೂಲವಾದದ್ದು ಒಂದು ಹನಿ ಅತ್ತರು.

"ಹೆಣ್ಣು ನೋಡಾಕ ಹೊಂಟೀರಿ, ಸುಮ್ನ ಹೋಗಬ್ಯಾಡ್ರಿ" ಎಂದು ದಸ್ತಗೀರಸಾಬ ತನ್ನ ಅಂಗಡಿಯ ಕಟ್ಟೆಯಿಂದಲೇ ಕೈಚಾಚಿ ಕಲ್ಮೇಶನ ಎರಡೂ ಗಲ್ಲಗಳಿಗೆ ಮಲ್ಲಿಗೆ ಅತ್ತರು ತೀಡಿದ. ಸಾವಿರದ ಒಂಬೈನೂರ ತೊಂಬತ್ತೆಂಟರ ಶ್ರಾವಣ ಸೋಮವಾರ. ಆ ಕಾಲದಲ್ಲಿ ಇಂಡಿ ಊರಿನ ಪೇಟೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಯಾರಾದರೊಬ್ಬರು ತಡೆದು ಏನನ್ನಾದರೂ ಹಚ್ಚದೆ ಬಿಡುತ್ತಿರಲಿಲ್ಲ.

ಕಲ್ಮೇಶ ಸಹಕಾರಿ ಸಂಘದ ಗುಮಾಸ್ತ. ನಡತೆ ಉತ್ತಮ, ಸಂಬಳ ಮಧ್ಯಮ, ಶರೀರ ಮಾತ್ರ ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ. ಅಂಗಿಯ ಕಾಲರು ಕುತ್ತಿಗೆಯ ಸುತ್ತ ಬಾವಿಯ ಗಡಗಡಿಯಂತೆ ತಿರುಗುತ್ತಿತ್ತು. ಸಿಂದಗಿಯ ಹೆಣ್ಣಿನವರು, "ಹುಡುಗ ಛಲೋ ಅದಾನ, ಗಾಳಿ ಬೀಸಿದ್ರ ಯಾರು ಹಿಡೀಬೇಕು?" ಎಂದು ಕಳಿಸಿದ್ದರು. ಬಸವನ ಬಾಗೇವಾಡಿಯವರು ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬರಲು ಹೇಳಿದ್ದರು. ಈಗ ಉಳಿದದ್ದು ಸಾಲೋಟಗಿಯ ಭುವನೇಶ್ವರಿ. ಅವಳ ಫೋಟೊ ನೋಡಿದಂದಿನಿಂದ ಕಲ್ಮೇಶನಿಗೆ ಸಂಘದ ಲೆಕ್ಕದಲ್ಲಿ ಕೂಡಿಸುವಲ್ಲಿ ಕಳೆಯುವ ಅಭ್ಯಾಸ ಹತ್ತಿತ್ತು. ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಬೇಡವೆಂದು ಅವನೇ ನಿಶ್ಚಯಿಸಿದ್ದ.

ತಾಯಿಗೆ ಮಂಡಿನೋವಾದ್ದರಿಂದ ಹಿರಿತನ ವಹಿಸಿ ಹೊರಟವನು ನೆರೆಮನೆಯ ರಾವಸಾಬ. ಕೇಳದಿದ್ದರೂ ಸಲಹೆ ಕೊಡುವುದು ಅವನ ಸ್ವಭಾವ.

ಬಸ್ಸು ಸಾಲೋಟಗಿಯ ಇತ್ತಲೇ ಕೆಟ್ಟು ನಿಂತಿತು. ಇಬ್ಬರೂ ಇಳಿದು ಕುರಣದ ಕಾಲುದಾರಿ ಹಿಡಿದರು. ಕುರಣವೆಂದರೆ ದನಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು. ಇಂದು ಅಲ್ಲಿ ಮನೆಗಳ ಅಳತೆಗೆ ಕಲ್ಲು ನೆಟ್ಟಿದ್ದಾರೆ. ಅಂದು ಮಳೆಗೆ ಹುಲ್ಲು ಮೊಣಕಾಲುದ್ದ ಎದ್ದು, ಅದರ ನಡುವೆ ತುಂಬೆ ಗಿಡ ಕಣ್ಣು ಹಾಯುವವರೆಗೂ ಬೆಳ್ಳಗೆ ಅರಳಿತ್ತು. ಹಳದಿ ಪಾತರಗಿತ್ತಿಗಳು ಒಂದು ಹೂವಿನಲ್ಲಿ ಕುಳಿತು ಇನ್ನೊಂದನ್ನು ನೆನೆಯುತ್ತಿದ್ದವು. ಜೇನುಹುಳಗಳು ಎಳ್ಳಿನಷ್ಟು ಬಾಯಿಯ ಹೂವಿಗೆ ತಲೆ ತೂರಿಸಿ, ಅರಿಸಿನದ ಭಂಡಾರ ಹಾರಿಸಿಕೊಂಡ ಭಕ್ತರಂತೆ ನೆತ್ತಿಗೆ ಪರಾಗ ಬಳಿದುಕೊಂಡು ಹೊರಬರುತ್ತಿದ್ದವು. ಕಲ್ಮೇಶ ಒಂದು ಹೂ ಕಿತ್ತು ಬುಡವನ್ನು ಹೀರಿದ. ಸಾಲೆಗೆ ಹೋಗುವ ದಾರಿಯಲ್ಲಿ ಹೀರುತ್ತಿದ್ದ ಅದೇ ಸಿಹಿ, ನಾಲಗೆಗೆ ತಿಳಿಯುವುದರೊಳಗೆ ಮುಗಿದುಹೋಗುವಂಥದು.

"ನೀನ ತಿಂತೀ ಏನ್ಲೇ? ಸೋಮಾರ ಐತಿ! ಈಶ್ವರಗ ಪ್ರೀತಿ ಹೂವಿದು. ಬೊಗಸಿ ತುಂಬ ಹರಕೋ. ಹಾದ್ಯಾಗ ಗುಡಿ ಐತಿ, ಏರಿಸಿ ಹೋಗೂಣು" ಎಂದ ರಾವಸಾಬ.

ಕಲ್ಮೇಶ ಹರಿದುಕೊಂಡು ನಡೆದ.

"ಹೊಟ್ಟೀ ಮುಂದ ಹಿಡೀತಾರೇನು ದೇವರ ಹೂವ? ಮ್ಯಾಲ ಎತ್ತು. ಇನ್ನೂ ಮ್ಯಾಲ."

ಹೂ ತುಂಬಿದ ಬೊಗಸೆ ಮೂಗಿನ ಮಟ್ಟಕ್ಕೆ ಬಂತು. ಕೆಳಗೆ ಹೂ ಕಳೆದುಕೊಂಡ ಜೇನುಹುಳಗಳೂ ಹಿಂಬಾಲಿಸಿ ಅದೇ ಮಟ್ಟಕ್ಕೆ ಬಂದವು. ಬಂದವಕ್ಕೆ ಹೂವಿನ ಆಚೆ ಮಲ್ಲಿಗೆ ಘಮಿಸುವ ಎರಡು ಗಲ್ಲಗಳು ಎದುರಾದವು.

"ರಾವಸಾಬ, ಹುಳಾ ಬಂದಾವು!"

"ಕೈ ಬಿಡಬ್ಯಾಡ! ದೇವರ ಹೂವು ನೆಲಕ್ಕ ಬೀಳಬಾರದು!"

ಹೂ ಚೆಲ್ಲುವಂತಿಲ್ಲ, ಹುಳ ಹೊಡೆಯುವಂತಿಲ್ಲ. ಕಲ್ಮೇಶ ಬೊಗಸೆ ಎತ್ತಿದ ಭಂಗಿಯಲ್ಲೇ ಕುಣಿಯತೊಡಗಿದ. ದೂರದಲ್ಲಿ ಕುರಿ ಕಾಯುತ್ತಿದ್ದ ಅಮೋಘಸಿದ್ಧನೆಂಬ ಮುದುಕ, ಯಾರಿಗೋ ದೇವರು ಬಂದಿದೆಯೆಂದು ತಿಳಿದು ರುಮಾಲು ತೆಗೆದು ಕೈಮುಗಿದ. ಜೇನುಹುಳಗಳು ಎರಡೂ ಗಲ್ಲಗಳನ್ನು ಶೇಷ ಉಳಿಯದಂತೆ ಸಮನಾಗಿ ಹಂಚಿಕೊಂಡು ಕಡಿದವು.

ಗುಡಿಯಲ್ಲಿ ಹೂವೇರಿಸಿ ಹೊರಬರುವಷ್ಟರಲ್ಲಿ ಮುಖ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತ್ತು.

"ತಿರಿಗಿ ಹೋಗೂಣು" ಎಂದ ಕಲ್ಮೇಶ.

ರಾವಸಾಬ ಸುತ್ತು ಹಾಕಿ ನೋಡಿದ. "ಹುಚ್ಚ ಅದಿ ಏನು? ಸಿಂದಗಿಯವ್ರು ಏನು ಇಲ್ಲಂದ್ರೋ ಅದು ಇವತ್ತ ಬಂದೈತಿ. ಹುಳಾ ಕಡದಾವಂತ ಬಾಯಿ ಬಿಟ್ಟಿ ಅಂದ್ರ ನೋಡು."

ಹೆಣ್ಣಿನ ಮನೆಯ ಅಜ್ಜಿ ಕನ್ನಡಕ ಏರಿಸಿ ಕಲ್ಮೇಶನನ್ನು ನೋಡಿದಳು. "ಯವ್ವಾ, ಎಂಥಾ ತುಂಬಿದ ಮಾರಿ! ಫೋಟೋದಾಗ ಒಣಗಿದ ಬದನಿಕಾಯಿ ಆಗಿದ್ಯಲ್ಲೋ ತಮ್ಮಾ!"

"ಫೋಟೋ ಹಳೇದ್ರಿ. ಈಗ ಊಟ ಛಲೋ ಹತ್ತೈತ್ರಿ" ಎಂದ ರಾವಸಾಬ.

ಓಣಿಯ ಹೆಂಗಸರು ಇಣುಕಿದರು. "ಅಳಿಯಾ ಕಡಬಿನಂಗ ಅದಾನ ಬಿಡ್ರಿ!" ಎಂದೊಬ್ಬಳು ತೀರ್ಪು ಕೊಟ್ಟಳು. ಭುವನೇಶ್ವರಿ ಚಹಾ ತಂದಿಟ್ಟು, ಒಮ್ಮೆ ತಲೆಯೆತ್ತಿ ನೋಡಿ, ಸರ್ರನೆ ಒಳಗೆ ಹೋದಳು. ಅಜ್ಜಿ ಅದನ್ನು ನಾಚಿಕೆಯೆಂದಳು. ಕಲ್ಮೇಶನೂ ಹಾಗೆಯೇ ತಿಳಿದ.

"ನಮಗ ಪಸಂದ ಐತಿ. ಮುದ್ದೇಬಿಹಾಳದಿಂದ ಹುಡುಗೀ ಸೋದರಮಾವ ಬಸಂತರಾಯ ಸಂಜಿ ಬಸ್ಸಿಗೆ ಬರ್ತಾನ. ಆತ ಹೂಂ ಅಂದ್ರ ಮುಗೀತು. ಅಲ್ಲೀತನಕ ಕುಂದ್ರಿ" ಎಂದಳು ಅಜ್ಜಿ.

ಕಲ್ಮೇಶನ ನಿಜವಾದ ಕಷ್ಟ ಆರಂಭವಾದದ್ದು ಆಗ. ಬೆಳಿಗ್ಗೆ ಬಾವು ಬಂದಿತೆಂದು ಅತ್ತವನು ಈಗ ಅದು ಸಂಜೆಯವರೆಗೆ ಇಳಿಯದಿರಲೆಂದು ಬೇಡಿಕೊಳ್ಳಬೇಕಾಯಿತು. ಮುಖ ತೊಳೆಯಲು ಅಜ್ಜಿ ತಣ್ಣೀರು ಕೊಟ್ಟರೆ ಬೇಡವೆಂದ. ಬೀಸಣಿಗೆ ಕೊಟ್ಟರೆ ಬೇರೆ ಕಡೆಗೆ ಬೀಸಿಕೊಂಡ. ಗಲ್ಲಗಳು ಕೆಂಡದಂತೆ ಉರಿಯುತ್ತಿದ್ದರೂ ಹಲ್ಲು ಬಿಗಿಹಿಡಿದು ನಗುತ್ತ ಕುಳಿತ. ಹಿತ್ತಾಳೆಯ ತಂಬಿಗೆಯಲ್ಲಿ ಮುಖ ನೋಡಿಕೊಂಡರೆ ಸಮಾಧಾನವಾಗಲಿಲ್ಲ. ತಂಬಿಗೆಯ ಹೊಟ್ಟೆಯಲ್ಲಿ ಎಲ್ಲರೂ ದಪ್ಪವೇ.

"ಐತೇನು?" ಎಂದು ಗಳಿಗೆಗೊಮ್ಮೆ ಪಿಸುಗುಟ್ಟುವನು.

"ಐತಿ, ಐತಿ. ಎಡಕ್ಕ ಇನ್ನೂ ಏರೇತಿ" ಎಂದು ರಾವಸಾಬ ಧೈರ್ಯ ಹೇಳುವನು.

ಹೊತ್ತು ಇಳಿಯಿತು, ಬಾವು ಇಳಿಯಲಿಲ್ಲ. ಬಸ್ಸಿನ ಸದ್ದಾಯಿತು. ಕಲ್ಮೇಶ ಗಲ್ಲಗಳನ್ನು ಬಾಗಿಲ ಕಡೆಗೆ ತಿರುಗಿಸಿ ಎದ್ದು ನಿಂತ.

ಬಸಂತರಾಯ ಒಳಗೆ ಬಂದ. ಅವನ ಹಿಂದೆ, ಜೋಳದ ದಂಟಿಗೆ ಅಂಗಿ ತೊಡಿಸಿದಂತಿದ್ದ ಒಬ್ಬ ತರುಣ.

"ಇವ ಯಾರೋ?" ಎಂದಳು ಅಜ್ಜಿ.

"ನಮ್ಮ ಮನೀ ಮಾಳಿಗಿ ಮ್ಯಾಲ ಬಾಡಿಗಿ ಇರೋ ಮಾಸ್ತರ. ಮಧ್ಯಾಹ್ನ ಭುವನಾ ಫೋನ್ ಮಾಡಿದ್ಲು. 'ಮಾಮಾ, ಫೋಟೋದಾಗಿನ ಸಣಕಲ ಹುಡುಗನ್ನ ನೋಡಿ ಒಪ್ಪಿದ್ದೆ. ಬಂದಾವ ಜ್ವಾಳ ತುಂಬಿದ ಹಗೇವಿನಂಗ ಅದಾನ, ನಾ ಒಲ್ಲೆ. ಅಂಥಾ ಸಣಕಲ ಹುಡುಗನ ಬೇಕು' ಅಂತ ಅತ್ಲು. ಇವಗ ಹೆಣ್ಣು ಕೊಡ್ತೀನಂತ ಬಾಯಾಗ ಸಕ್ಕರಿ ಹಾಕೇ ಕರಕೊಂಡು ಬಂದೇನಿ."

ಸಕ್ಕರೆ ಬಾಯಿಗೆ ಬಿದ್ದ ಮೇಲೆ ಆ ಸೀಮೆಯಲ್ಲಿ ಮಾತು ಹಿಂದಕ್ಕೆ ಬರುವುದಿಲ್ಲ.

"ನಾನೂ ಸಣಕಲ ಅದೇನ್ರಿ!" ಎಂದು ಕಲ್ಮೇಶ ಕೂಗಿದ. ಅಂಗಿಯ ತೋಳು ಮೇಲೇರಿಸಿ ಕಡ್ಡಿಯಂಥ ಕೈ ತೋರಿಸಿದ. "ಫೋಟೋದಾಗಿನಾವ ನಾನರೀ! ಇದು ಮಾಂಸ ಅಲ್ರಿ, ಬಾವು! ಕುರಣದಾಗ ಜೇನುಹುಳಾ ಕಡದಾವ್ರಿ!"

"ಹಂಗಾದ್ರ ಮುಂಜಾನಿಂದ ನಮಗ ಯಾರ ಮಾರಿ ತೋರಿಸಾಕತ್ತಿದ್ದಿ?" ಎಂದಳು ಅಜ್ಜಿ.

ಕಲ್ಮೇಶ ರಾವಸಾಬನ ಕಡೆ ತಿರುಗಿದ. ರಾವಸಾಬ ಚಪ್ಪಲಿ ಹುಡುಕತೊಡಗಿದ್ದ.

ಒಳಬಾಗಿಲ ಮರೆಯಿಂದ ಭುವನೇಶ್ವರಿ ಆ ಕೈಯನ್ನೇ ನೋಡುತ್ತಿದ್ದಳು. ಅವಳು ಕಲ್ಮೇಶನೊಡನೆ ಆಡಿದ್ದು ಜನ್ಮದಲ್ಲಿ ಅದೊಂದೇ ಮಾತು.

"ಬಂದ ಕೂಡ್ಲೇ ಹೇಳಬಾರದಿತ್ತೇನ್ರಿ? ತುಂಬೆ ಎಲಿ ಅರದು ಹಚ್ಚಿದ್ರ ಊಟದ ಹೊತ್ತಿಗೆ ಇಳೀತಿತ್ತು."