ನಮ್ಮ ಸಾಂಬಾರಿನ ಕೊಪ್ಪರಿಗೆಯಲ್ಲಿ ಹಾಡಿದ ಮೀನು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ದೋಸೆಗಳೆಲ್ಲ ಕಾವಲಿಗೆ ಅಂಟಿಕೊಳ್ಳಲಿ. ತ್ರಿಪ್ಲಿಕೇನಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವವನಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ನನ್ನಂಥ ಧೈರ್ಯಶಾಲಿಗೆ ತುಸು ಹೆಚ್ಚೇ.

೧. ಪಾತ್ರ ಸಿಕ್ಕಿತು

ಒಂದು ಬೆಳಿಗ್ಗೆ ಸಿನಿಮಾ ನಿರ್ದೇಶಕನೊಬ್ಬ ಬಂದ. ಆತನ ಸಿನಿಮಾದಲ್ಲಿ ಐದು ಜನರ ಬ್ಯಾಂಡು ವ್ಯಾನಿನಲ್ಲಿ ನಿದ್ದೆಹೋಗುತ್ತದಂತೆ, ಐವರಿಗೂ ಒಂದೇ ಕನಸು: ಬಾಳೆಎಲೆಯ ಮೇಲೆ ಕೂತು, ಹಾಡುತ್ತಾ, ಸಾಂಬಾರಿನ ಸಮುದ್ರ ದಾಟಬೇಕು.

"ಸಮುದ್ರಕ್ಕೆ ನಿಮ್ಮ ಅಡುಗೆಮನೆ ಬೇಕು ಸಾರ್. ನಿಮಗೂ ಪಾತ್ರ ಇದೆ, ಬಾಣಸಿಗಂದು."

ಪಾತ್ರ ಎಂದದ್ದೇ ತಡ, ಒಪ್ಪಿಕೊಂಡೆ. ಊರಿಗೆಲ್ಲ ಫೋನು ಮಾಡಿ ಮುಗಿಸಿದ ಮೇಲೆ ಆತ ಮೆಲ್ಲಗೆ ಹೇಳಿದ: "ಸಾಂಬಾರಿನಿಂದ ಮೀನೊಂದು ಎದ್ದು ಹಾಡುತ್ತೆ. ಕಾಸಿಮೇಡು ಬಂದರಿನ ಮೀನು ಹರಾಜಿನಿಂದ ತರಿಸ್ತೀನಿ, ಮೂರಡಿದು."

ಕೈಯಲ್ಲಿದ್ದ ಕಾಫಿ ನೆಲಕ್ಕೆ ಬಿತ್ತು. ಅಜ್ಜನ ಕಾಲದಲ್ಲಿ ಈರುಳ್ಳಿಯೂ ಹಿಂಬಾಗಿಲಿನಿಂದ ತಲೆತಗ್ಗಿಸಿ ಬರುತ್ತಿದ್ದ ಅಡುಗೆಮನೆ ಅದು!

೨. ಹೆಂಡತಿಯ ನೋಟೀಸು

"ಎಂತ ಮಾರಾಯ್ರೆ! ಮೀನು ಒಳಗೆ ಬಂದ್ರೆ ನಾನು ಹೊರಗೆ."

"ಕನಸಿನ ಮೀನು ಮಾರಾಯ್ತಿ."

"ಕನಸಿನ ಮೀನಿಗೆ ವಾಸನೆ ಇಲ್ವಾ?"

ನಾನೇನೂ ಹೆದರಲಿಲ್ಲ, ಮೂರ್ಛೆ ಹೋದೆ ಅಷ್ಟೆ. ಎದ್ದಾಗ ತಲೆಯಲ್ಲಿ ಉಪಾಯ ಸಿದ್ಧವಿತ್ತು: ಇಡ್ಲಿಹಿಟ್ಟಿನ ಮೀನು! ತಲೆ, ಹೊಟ್ಟೆ, ಬಾಲ ಬೇರೆಬೇರೆ ಬೇಯಿಸಿ, ತೆಂಗಿನ ಹಿಡಿಕಡ್ಡಿ ಚುಚ್ಚಿ ಜೋಡಿಸಿ, ಮೈತುಂಬ ಸೌತೆಕಾಯಿ ಬಿಲ್ಲೆ, ಕಣ್ಣಿಗೆ ಕರಿದ್ರಾಕ್ಷಿ. ಬೀದಿಯ ಬೆಕ್ಕು ಓಡಿಬಂದು ಮೂಸಿತು, ನನ್ನ ಮುಖ ನೋಡಿತು, ಬೈದು ಹೋಯಿತು.

೩. ಕಟ್ ಎನ್ನುವವರಿಲ್ಲ

ಕ್ಯಾಮೆರಾ ಓಡಿತು. ದಾರ ಕಟ್ಟಿ ಎತ್ತಿದ ಮೀನು ಸಾಂಬಾರಿನಿಂದ ಎದ್ದಿತು. ಹಾಡಿನ ಮೊದಲ ಸಾಲಿಗೇ ಬಾಲ ಕಳಚಿ ಬಿತ್ತು! ಎಲ್ಲರೂ ಕಲ್ಲಾಗಿ ನಿಂತೆವು. ಬೆಳಿಗ್ಗೆಯಿಂದ ಉಪವಾಸವಿದ್ದ ಡ್ರಮ್ಮರು ಮಾತ್ರ ಬಾಲ ಎತ್ತಿ ಬಾಯಿಗಿಟ್ಟ. ಉಳಿದ ನಾಲ್ವರೂ ಮೀನಿನ ಹೊಟ್ಟೆಗೇ ಕೈ ಹಾಕಿದರು. "ಕಟ್" ಎನ್ನಬೇಕಾಗಿದ್ದ ನಿರ್ದೇಶಕ ಕೂಗಿದ: "ಅಣ್ಣಾ, ಚಟ್ನಿ!"

೪. ಥಿಯೇಟರಿನಲ್ಲಿ

ಊರಿನಿಂದ ಬಂದ ಹನ್ನೊಂದು ಮಂದಿ ನೆಂಟರನ್ನೂ ಹೆಂಡತಿಯನ್ನೂ ಸಿನಿಮಾಕ್ಕೆ ಕರೆದೊಯ್ದೆ. ಆ ದೃಶ್ಯ ಬಂತು. ಬಾಣಸಿಗನೆಂದರೆ ಚಟ್ನಿ ಬಡಿಸುವ ಒಂದು ಕೈ, ಮುಗಿಯಿತು. ಆದರೂ ಎದ್ದುನಿಂತು ಕೂಗಿದೆ: "ನೋಡ್ರೋ, ನನ್ನ ಕೈ!"

ಮುಂದಿನ ಸಾಲಿನ ಅಜ್ಜಿ ತಿರುಗಿ, ತಮಿಳಿನಲ್ಲಿ, ಬಹಳ ಅಕ್ಕರೆಯಿಂದ ಕೇಳಿದರು: "ಯಾಕಪ್ಪಾ, ನೀನು ಬಳೆ ತೊಡ್ತೀಯಾ?"

ಸರಿ, ಒಂದು ಸಣ್ಣ ವಿವರ ನಾನು ಕಟ್ಟಿದ್ದು. ಉಪಾಯ ಹೊಳೆದದ್ದು, ಮೀನು ಮಾಡಿದ್ದು, ಚಟ್ನಿ ಬಡಿಸಿದ್ದು ಎಲ್ಲ ನನ್ನ ಹೆಂಡತಿಯೇ. ನಾನು ಮೂರ್ಛೆಯಿಂದ ಎದ್ದದ್ದು ಶೂಟಿಂಗು ಮುಗಿದ ಮೇಲೆ.