ಸತು ಎಂಬ ಸವತಿ

ನನ್ನ ಸೋದರಮಾವನ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಬಗೆ: ತೇಲುವಂಥವು, ಮುಳುಗುವಂಥವು. ನನ್ನನ್ನು ಯಾವುದಕ್ಕೆ ಸೇರಿಸಿದ್ದಾರೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ!

ತಪ್ಪು ಅವರದಲ್ಲ. ರಾಜಸ್ಥಾನದ ಒಂದು ಸತುವಿನ ಗಣಿಯಲ್ಲಿ ಅವರು ಆಯುಷ್ಯವೆಲ್ಲ ಮಾಡಿದ್ದು ಅದೇ ಕೆಲಸ. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಔಷಧ ಹಾಕಿ ಗಾಳಿ ಊದಿದರೆ ಸತು ನೊರೆಗೆ ಅಂಟಿಕೊಂಡು ಮೇಲೆ ಬರುತ್ತದೆ. ಕಬ್ಬಿಣ ತಳದಲ್ಲೇ ಉಳಿಯುತ್ತದೆ. ನಿವೃತ್ತರಾಗಿ ನಮ್ಮೂರು ಬದಿಯಡ್ಕಕ್ಕೆ ಬಂದ ಮೇಲೆ ಮಾವ ಹೋಟೆಲಿನಲ್ಲಿ ಚಾ ಕುಡಿಯುವುದಿಲ್ಲ, ಪರೀಕ್ಷಿಸುತ್ತಾರೆ. "ನೊರೆ ಉಂಟು, ಗುಳ್ಳೆ ಗಟ್ಟಿ ಇಲ್ಲ" ಎಂದು ಗ್ಲಾಸು ವಾಪಸು ಮಾಡಿದ ಗಿರಾಕಿ ಇಡೀ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಆ ಔಷಧಗಳಾದರೂ ಎಂಥವು? ಸತುವನ್ನು ಎಬ್ಬಿಸಲು ಮೈಲುತುತ್ತು, ಕಬ್ಬಿಣವನ್ನು ಮಲಗಿಸಲು ಸುಣ್ಣ. ನಮ್ಮೂರಲ್ಲಿ ಇವೆರಡನ್ನೂ ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. "ಇವತ್ತು ಮೈಲುತುತ್ತು ಜಾಸ್ತಿ ಆಯ್ತು, ಸುಣ್ಣ ಸಾಕಾಗಲಿಲ್ಲ" ಎಂದು ಮಾವ ಫೋನಿನಲ್ಲಿ ಹೇಳುವುದನ್ನು ಕೇಳಿ ಕೇಳಿ, ಮಗ ಮರುಭೂಮಿಯಲ್ಲಿ ಅಡಿಕೆ ತೋಟ ಮಾಡಿದ್ದಾನೆಂದೇ ನನ್ನ ಅಜ್ಜ ನಂಬಿಬಿಟ್ಟಿದ್ದರು. "ಅಲ್ಲಿ ನೀರಿಗೆ ಎಂತ ಮಾಡ್ತಿ ಮಗಾ?" ಎಂದು ಪಾಪ, ಕೊನೆಯವರೆಗೂ ಚಿಂತಿಸಿದರು.

ಅತ್ತೆಯ ಕಥೆ ಬೇರೆ. ಅವರು ಊರಲ್ಲೇ ಉಳಿದು ಒಬ್ಬರೇ ಮಗಳನ್ನು ಸಾಕಿದವರು. ಸತುವಿನ ಮಾತೆತ್ತಿದರೆ ಸಾಕು, "ಅದು ಸತು ಅಲ್ಲ, ನನ್ನ ಸವತಿ" ಎಂದು ಎದ್ದು ಹೋಗುತ್ತಿದ್ದರು. ನಮಗೆಲ್ಲ ನಗು. ಮಾವನಿಗೆ ಮಾತ್ರ ಅದು ಚುಚ್ಚುತ್ತಿತ್ತು. ತಾನು ಅಷ್ಟು ದೂರದಲ್ಲಿ ಮಾಡಿದ್ದೇನೆಂದು ಹೆಂಡತಿ ಒಮ್ಮೆ ಕಣ್ಣಾರೆ ನೋಡಬೇಕೆಂದು ಹಠ ಹಿಡಿದರು.

ಹಾಗಾಗಿ ಹೋದ ತಿಂಗಳು, ನೆನಪಿಗೆಂದು ತಂದಿಟ್ಟಿದ್ದ ಅದಿರಿನ ಕಲ್ಲನ್ನು ಕುಟ್ಟಿ ಅರೆದರು. ಎಲ್ಲಿ? ಅತ್ತೆಯ ಕಡೆಯುವ ಕಲ್ಲಿನಲ್ಲಿ! ಅಂದಿನಿಂದ ಮನೆಯಲ್ಲಿ ಚಟ್ನಿಯೂ ನಿಂತಿತು, ಮಾತೂ ನಿಂತಿತು. ಮಾವ ಜಗ್ಗಲಿಲ್ಲ. ಒಂದು ಗಾಜಿನ ಭರಣಿ, ಆ ಔಷಧಗಳು, ಮೀನಿನ ತೊಟ್ಟಿಗೆ ಗಾಳಿ ಬಿಡುವ ಮೋಟರು ಹೊಂದಿಸಿಕೊಂಡು ಭಾನುವಾರ ಪ್ರದರ್ಶನ ಇಟ್ಟರು. ಪ್ರೇಕ್ಷಕರು ನಾನು ಮತ್ತು ಪಕ್ಕದ ಮನೆಯ ಶೆಟ್ಟರು. ಯಾರಿಗಾಗಿ ಇದೆಲ್ಲವೋ ಆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬೆನ್ನು ಹಾಕಿ ನಿಂತಿದ್ದರು.

ಮೋಟರು ಗುರುಗುಟ್ಟಿತು. ಕಂದು ನೊರೆ ಮೇಲೇರಿ ಭರಣಿಯ ಬಾಯಿಗೆ ಬಂತು. ತಳದಲ್ಲಿ ಹಳದಿ ಕಣಗಳು ಮಿನುಗಿದವು.

"ಎಂತ ಮಾರಾಯ್ರೆ, ಚಿನ್ನ ಅಡಿಯಲ್ಲಿ ಬಿಟ್ಟು ಕೆಸರು ತೆಗೀತೀರಿ?" ಎಂದರು ಶೆಟ್ಟರು.

"ಆ ಹೊಳೆಯುವುದೇ ಕಬ್ಬಿಣದ ಅದಿರು ಶೆಟ್ರೆ. ಅದನ್ನು ನಂಬಿದ್ರೆ ಕೆಟ್ಟೆವು" ಎಂದರು ಮಾವ.

ಅಷ್ಟರಲ್ಲಿ ಅತ್ತೆ ಹತ್ತಿರ ಬಂದಿದ್ದರು. ನೊರೆಯನ್ನೇ ನೋಡುತ್ತ ಕೇಳಿದರು: "ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ನೀವು ಬಾರದ್ದು ಇದಕ್ಕಾ?"

"ಹೌದು. ಆವತ್ತು ನೊರೆ ಕೂತುಹೋಗಿತ್ತು, ಸತು ಎಲ್ಲ ಅಡಿಗೆ ಹೋಗ್ತಿತ್ತು. ಬಿಟ್ಟು ಬರ್ಲಿಕ್ಕೆ ಆಗಲಿಲ್ಲ."

ಇನ್ನು ಜಗಳವೇ ಎಂದುಕೊಂಡೆ. ಅತ್ತೆ ಮಾವನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡರು.

"ಬರ್ಲಿಲ್ಲ ಅಂತ ಅಲ್ಲ ನನ್ನ ಸಿಟ್ಟು," ಎಂದರು. "ನಿಮ್ಮ ನೆನಪಾದಾಗ, ನಿಮ್ಮನ್ನು ಎಂಥ ಜಾಗದಲ್ಲಿ ನಿಲ್ಲಿಸಿ ನೆನಪು ಮಾಡಿಕೊಳ್ಳುವುದು ಅಂತ ನನಗೆ ಗೊತ್ತಿರಲಿಲ್ಲ."

ಮಾವ ಭರಣಿಯನ್ನು ಅತ್ತೆಯ ಹತ್ತಿರಕ್ಕೆ ಸರಿಸಿದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಶೆಟ್ಟರ ಕೈ ಹಿಡಿದು ಮೆಲ್ಲನೆ ಅಂಗಳಕ್ಕೆ ಇಳಿದೆ.